ಸೈನಿಕರ ಅಂಗವೈಕಲ್ಯ ಪಿಂಚಣಿ ಮತ್ತು ನರಸಂಬಂಧಿ ಕಾಯಿಲೆಗಳ ಮೇಲ್ಮನವಿ

ಅಂಗವೈಕಲ್ಯ ಪಿಂಚಣಿ ಎಂಬುದು ಭಾರತದ ಭೂಸೇನೆ, ನೌಕಾಪಡೆ ಹಾಗೂ ವಾಯುಪಡೆಗಳ ಸೇವೆಯಿಂದ ಉಂಟಾದ, ಇಲ್ಲವೆ ಆ ಸೇವೆಯಿಂದ ಉಲ್ಬಣಿಸಿದ ಗಾಯ ಮತ್ತು ಕಾಯಿಲೆಗಳಿಗಾಗಿ ಸೈನಿಕರಿಗೆ ಸಲ್ಲುವ ನಿವೃತ್ತಿ ವೇತನ. ಸೇನೆಯ ವೈದ್ಯಕೀಯ ಮಂಡಳಿಯು ವೈಕಲ್ಯದ ಪ್ರಮಾಣವನ್ನು ಶೇಕಡಾ ಲೆಕ್ಕದಲ್ಲಿ ನಿರ್ಧರಿಸುತ್ತದೆ. ಕಾಯಿಲೆಗೂ ಸೇವೆಗೂ ಸಂಬಂಧವಿದೆಯೇ ಎಂಬ ಅಭಿಪ್ರಾಯವನ್ನೂ ಅದೇ ಮಂಡಳಿ ದಾಖಲಿಸುತ್ತದೆ. ಈ ಎರಡರಲ್ಲಿ ಯಾವುದೊಂದು ಒಪ್ಪಿಗೆಯಾಗದಿದ್ದರೂ ಸೈನಿಕನು ಮೇಲ್ಮನವಿ ಸಲ್ಲಿಸಬಹುದು. ಮೂರ್ಛೆರೋಗ, ಬೆನ್ನುಮೂಳೆಯ ಡಿಸ್ಕ್ ಜಾರಿ ನರ ಒತ್ತಿಕೊಳ್ಳುವುದು, ಅತಿಶೀತದಿಂದ ಕೈಕಾಲುಗಳ ಸ್ಪರ್ಶಜ್ಞಾನ ಕುಂದುವುದು, ಗುಂಡಿನ ಸದ್ದಿನಿಂದ ಶ್ರವಣನರ ಕ್ಷೀಣಿಸುವುದು ಮೊದಲಾದ ನರಸಂಬಂಧಿ ಕಾಯಿಲೆಗಳಲ್ಲಿ ಹೊರಗೆ ಕಾಣುವ ಗಾಯ ಇರದೆ ಹೋಗಬಹುದು. ಆದ್ದರಿಂದ ಇಂತಹ ಕಾಯಿಲೆಗಳ ವಿಷಯದಲ್ಲಿ ವಿವಾದಕ್ಕೆ ಎಡೆ ಹೆಚ್ಚು. ಈ ಕ್ಷೇತ್ರದ ಮೈಲಿಗಲ್ಲೆನಿಸಿದ ಸರ್ವೋಚ್ಚ ನ್ಯಾಯಾಲಯದ 2013ರ ಧರಂವೀರ್ ಸಿಂಗ್ ತೀರ್ಪು ಸಹ ಮೂರ್ಛೆರೋಗದಿಂದ ಸೇವೆ ಕಳೆದುಕೊಂಡ ಒಬ್ಬ ಸಿಪಾಯಿಯದು.

ಪಿಂಚಣಿಯ ಸ್ವರೂಪ

ಭೂಸೇನೆಯ 1961ರ ಪಿಂಚಣಿ ನಿಯಮಾವಳಿಯ 173ನೆಯ ನಿಯಮವು ಈ ಪಿಂಚಣಿಗೆ ಬಹುಕಾಲ ಆಧಾರವಾಗಿತ್ತು. ಅದರಂತೆ ವೈಕಲ್ಯವು ಸೈನಿಕ ಸೇವೆಯಿಂದ ಉಂಟಾಗಿರಬೇಕು ಅಥವಾ ಉಲ್ಬಣಿಸಿರಬೇಕು, ಮತ್ತು ಅದರ ಪ್ರಮಾಣ ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಸೇವೆಗೂ ಕಾಯಿಲೆಗೂ ಇರುವ ಸಂಬಂಧವನ್ನು ನಿರ್ಣಯಿಸುವ ಕ್ರಮವನ್ನು 1982ರ ಅರ್ಹತಾ ನಿಯಮಗಳು ವಿವರಿಸಿದವು. 2008ರಲ್ಲಿ ಇವೆರಡೂ ಪರಿಷ್ಕಾರಗೊಂಡವು; 2023ರಲ್ಲಿ ಅರ್ಹತಾ ನಿಯಮಗಳು ಮತ್ತೊಮ್ಮೆ ಬದಲಾದವು. ಇವುಗಳ ಜೊತೆಗೆ ‘ಗೈಡ್ ಟು ಮೆಡಿಕಲ್ ಆಫೀಸರ್ಸ್’ ಎಂಬ ಕೈಪಿಡಿ ಇದೆ. ಯಾವ ಕಾಯಿಲೆಯನ್ನು ಹೇಗೆ ತೂಗಬೇಕೆಂದು ಸೇನಾ ವೈದ್ಯರಿಗೆ ತಿಳಿಸುವುದು ಈ ಕೈಪಿಡಿಯೇ. ಮೇಲ್ಮನವಿಗಳಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ಗ್ರಂಥವೂ ಇದೇ.

ಪಿಂಚಣಿಯಲ್ಲಿ ಎರಡು ಭಾಗಗಳಿವೆ. ಸಲ್ಲಿಸಿದ ಸೇವೆಗಾಗಿ ದೊರೆಯುವುದು ಸೇವಾಂಶ. ವೈಕಲ್ಯಕ್ಕಾಗಿ ದೊರೆಯುವುದು ವೈಕಲ್ಯಾಂಶ. ಪೂರ್ಣ, ಅಂದರೆ ಶೇಕಡಾ 100ರ ವೈಕಲ್ಯಕ್ಕೆ ಕೊನೆಯ ವೇತನದ ಶೇಕಡಾ 30ರಷ್ಟು ವೈಕಲ್ಯಾಂಶ ಸಲ್ಲುತ್ತದೆ. ಪ್ರಮಾಣ ಕಡಿಮೆಯಾದಂತೆ ಮೊತ್ತವೂ ಅದೇ ಅನುಪಾತದಲ್ಲಿ ಇಳಿಯುತ್ತದೆ. ಯುದ್ಧದಲ್ಲಿ ಗಾಯಗೊಂಡವರಿಗೆ ಇದಕ್ಕಿಂತ ಹೆಚ್ಚಿನ ದರದ ಪ್ರತ್ಯೇಕ ಪಿಂಚಣಿ ಇದೆ. ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಪತ್ರವು ಮತ್ತೊಂದು ಅನುಕೂಲವನ್ನು ಕಲ್ಪಿಸಿತು. ವೈಕಲ್ಯವು ಶೇಕಡಾ 50ಕ್ಕಿಂತ ಕಡಿಮೆಯಿದ್ದರೆ 50 ಎಂದೂ, 50ರಿಂದ 75ರ ನಡುವೆ ಇದ್ದರೆ 75 ಎಂದೂ, 76 ಮತ್ತು ಅದಕ್ಕೂ ಮೇಲ್ಪಟ್ಟಿದ್ದರೆ 100 ಎಂದೂ ಎಣಿಸಬೇಕೆಂಬುದು ಅದರ ಸಾರ. ಇದಕ್ಕೆ ಸೇನಾ ವಲಯದಲ್ಲಿ ‘ಬ್ರಾಡ್ ಬ್ಯಾಂಡಿಂಗ್’ ಎಂಬ ಹೆಸರೇ ಬಳಕೆಯಲ್ಲಿದೆ.

ಒಂದು ಲೆಕ್ಕದಿಂದ ಇದರ ಮಹತ್ವ ತಿಳಿಯುತ್ತದೆ. ಕೊನೆಯ ವೇತನ 40,000 ರೂಪಾಯಿ ಇದ್ದ ಸೈನಿಕನಿಗೆ ಶೇಕಡಾ 100ರ ವೈಕಲ್ಯಾಂಶ ತಿಂಗಳಿಗೆ 12,000 ರೂಪಾಯಿ; ಶೇಕಡಾ 20ಕ್ಕೆ 2,400 ರೂಪಾಯಿ. ಅದೇ ಶೇಕಡಾ 20ನ್ನು 50 ಎಂದು ಎಣಿಸಿದಾಗ 6,000 ರೂಪಾಯಿ ಆಗುತ್ತದೆ. ಮಂಡಳಿಯು ಶೇಕಡಾ 20ರ ಬದಲು 15 ಎಂದು ಬರೆದಿದ್ದರೆ ಅವಧಿ ಮುಗಿಸಿ ನಿವೃತ್ತನಾದವನಿಗೆ ವೈಕಲ್ಯಾಂಶವೇ ಇಲ್ಲ. ಐದು ಅಂಕಗಳ ವ್ಯತ್ಯಾಸವು ಜೀವನಪರ್ಯಂತದ ಆದಾಯವನ್ನು ನಿರ್ಧರಿಸುವುದರಿಂದ ಈ ಶೇಕಡಾವಾರು ಅಂಕಿಗೆ ಇಷ್ಟು ಬೆಲೆ.

ಮಂಡಳಿಯ ಮುಂದಿರುವ ಎರಡು ಪ್ರಶ್ನೆಗಳು

ಸೈನಿಕನು ಅವಧಿ ಮುಗಿಸಿ ಹೊರಬರುವಾಗ ನಡೆಯುವುದು ಬಿಡುಗಡೆ ವೈದ್ಯಕೀಯ ಮಂಡಳಿ. ಅನಾರೋಗ್ಯದ ಕಾರಣದಿಂದ ಅವಧಿಗೆ ಮೊದಲೇ ಕಳುಹಿಸುವಾಗ ನಡೆಯುವುದು ಅಶಕ್ತತಾ ವೈದ್ಯಕೀಯ ಮಂಡಳಿ. ಸೈನಿಕರ ಮಾತಿನಲ್ಲಿ ಎರಡನ್ನೂ ‘ಬೋರ್ಡ್ ಆಗುವುದು’ ಎನ್ನುತ್ತಾರೆ. ಮಂಡಳಿಯ ನಡವಳಿಯನ್ನು ಎ.ಎಫ್.ಎಂ.ಎಸ್.ಎಫ್.-16 ಎಂಬ ನಮೂನೆಯಲ್ಲಿ ಬರೆಯಲಾಗುತ್ತದೆ.

ಮೊದಲನೆಯ ಪ್ರಶ್ನೆ ಪ್ರಮಾಣದ್ದು. ಅದೇ ವಯಸ್ಸಿನ, ಅದೇ ಲಿಂಗದ ಆರೋಗ್ಯವಂತ ವ್ಯಕ್ತಿಯೊಂದಿಗೆ ಹೋಲಿಸಿ ದೇಹದ ಸಾಮರ್ಥ್ಯ ಎಷ್ಟು ಕುಂದಿದೆ ಎಂದು ವೈದ್ಯರು ಅಳೆಯುತ್ತಾರೆ. ಸೈನಿಕನು ಮುಂದೆ ಯಾವ ಉದ್ಯೋಗ ಮಾಡಬೇಕಾಗುತ್ತದೆ, ಎಷ್ಟು ಗಳಿಸಬಲ್ಲನು ಎಂಬುದು ಈ ಅಳತೆಯಲ್ಲಿ ಬರುವುದಿಲ್ಲ. ಪಾದ ಎತ್ತಲಾಗದವನಿಗೆ ಮಳೆಗಾಲದ ಎರೆಹೊಲದಲ್ಲಿ ಹೆಜ್ಜೆ ಕೀಳುವುದು ಮೇಜಿನ ಮುಂದೆ ಕುಳಿತು ಮಾಡುವ ಕೆಲಸಕ್ಕಿಂತ ಎಷ್ಟೋ ಪಾಲು ಕಷ್ಟ. ಆದರೂ ಮಂಡಳಿಯ ಅಂಕಿ ಇಬ್ಬರಿಗೂ ಒಂದೇ.

ಎರಡನೆಯ ಪ್ರಶ್ನೆ ಸಂಬಂಧದ್ದು. ಕಾಯಿಲೆ ಸೇವೆಯಿಂದ ಉಂಟಾಗಿದೆಯೇ? ಮೊದಲೇ ಇದ್ದ ಕಾಯಿಲೆ ಸೇವೆಯ ಕಷ್ಟದಿಂದ ಹೆಚ್ಚಿದೆಯೇ? ಎರಡೂ ಅಲ್ಲವೆಂದು ಮಂಡಳಿ ಬರೆದರೆ ವೈಕಲ್ಯದ ಪ್ರಮಾಣ ಎಷ್ಟೇ ಇದ್ದರೂ ಅಂಗವೈಕಲ್ಯ ಪಿಂಚಣಿ ದೊರೆಯುವುದಿಲ್ಲ. ‘ಉಂಟಾದುದೂ ಅಲ್ಲ, ಉಲ್ಬಣಿಸಿದುದೂ ಅಲ್ಲ’ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದಾದ ‘ನಾನಾ’ ಎಂಬ ಸಂಕ್ಷೇಪವು ತಿರಸ್ಕೃತ ಕಡತಗಳಲ್ಲಿ ಮತ್ತೆ ಮತ್ತೆ ಕಾಣಸಿಗುತ್ತದೆ. ನರಸಂಬಂಧಿ ಕಾಯಿಲೆಗಳ ಹೆಸರಾಂತ ವ್ಯಾಜ್ಯಗಳು ಹುಟ್ಟಿದ್ದು ಪ್ರಮಾಣಕ್ಕಿಂತ ಹೆಚ್ಚಾಗಿ ಈ ಎರಡನೆಯ ಪ್ರಶ್ನೆಯಿಂದ. ‘ದೇಹಪ್ರಕೃತಿಯಿಂದ ಬಂದ ಕಾಯಿಲೆ, ಸೇವೆಗೆ ಸಂಬಂಧಿಸಿದ್ದಲ್ಲ’ ಎಂಬ ಅರ್ಥದ ಒಂದೇ ಸಾಲಿನಲ್ಲಿ ವಿಷಯ ಮುಗಿದುಹೋಗಿರುವುದೂ ಉಂಟು.

ಈ ಸಾಲಿನ ಪರಿಣಾಮ ಚಿಕ್ಕದಲ್ಲ. ವೈಕಲ್ಯಕ್ಕೂ ಸೇವೆಗೂ ಸಂಬಂಧವಿದ್ದರೆ ಸೇವಾಂಶ ಪಡೆಯಲು ಕನಿಷ್ಠ ಸೇವಾವಧಿಯ ಷರತ್ತಿಲ್ಲ. ಸಂಬಂಧವಿಲ್ಲವೆಂದಾದರೆ ಅಶಕ್ತತಾ ಪಿಂಚಣಿಗೆ 10 ವರ್ಷಗಳ ಸೇವೆ ಬೇಕಾಗಿತ್ತು. ಅಷ್ಟು ತುಂಬದವರು ಒಂದಿಷ್ಟು ಉಪದಾನದ ಹಣ ಪಡೆದು ಊರಿಗೆ ಮರಳಬೇಕಾಗಿತ್ತು. 2019ರ ಜನವರಿ 4ರಂದು ಅಥವಾ ಅನಂತರ ಸೇವೆಯಲ್ಲಿದ್ದವರಿಗೆ ಈ 10 ವರ್ಷಗಳ ಷರತ್ತನ್ನು 2020ರಲ್ಲಿ ಸಡಿಲಿಸಲಾಯಿತು. ಅದಕ್ಕೂ ಹಿಂದೆ ಹೊರಬಂದವರಿಗೆ ಈ ಸಡಿಲಿಕೆ ಅನ್ವಯಿಸುವುದಿಲ್ಲ.

ನರಸಂಬಂಧಿ ಕಾಯಿಲೆಗಳ ತೊಡಕು

ಕನ್ನಡದ ಆಡುಮಾತಿನಲ್ಲಿ ‘ನರ’ ಎಂಬ ಪದದ ವ್ಯಾಪ್ತಿ ಬಹಳ ದೊಡ್ಡದು. ರಕ್ತನಾಳ, ಸ್ನಾಯುರಜ್ಜು, ಸಂವೇದನೆ ಒಯ್ಯುವ ತಂತು ಎಲ್ಲವೂ ‘ನರ’ವೇ. ‘ನರ ಹಿಡಿದಿದೆ’, ‘ಕಾಲಿಗೆ ಜೋಮು’, ‘ಟೊಂಕ ಹಿಡಿದುಕೊಂಡಿದೆ’ ಎಂಬ ಮಾತುಗಳು ನೋವನ್ನು ಸರಿಯಾಗಿಯೇ ತಿಳಿಸುತ್ತವೆ. ‘ನರದೌರ್ಬಲ್ಯ’ ಎಂಬ ಪದಕ್ಕಂತೂ ಪತ್ರಿಕೆಗಳ ಜಾಹೀರಾತುಗಳು ಬೇರೆಯೇ ಅರ್ಥವನ್ನು ಅಂಟಿಸಿವೆ. ವೈದ್ಯಕೀಯ ಮಂಡಳಿಯ ಮುಂದೆ ಇವಾವುವೂ ನಿಲ್ಲುವುದಿಲ್ಲ. ಅಲ್ಲಿ ಕಾಯಿಲೆಯ ನಿರ್ದಿಷ್ಟ ಹೆಸರು, ಯಾವ ನರ, ಯಾವ ಬದಿ, ಯಾವ ಪರೀಕ್ಷೆಯಲ್ಲಿ ಕಂಡುಬಂತು ಎಂಬ ವಿವರಗಳು ಬೇಕು. ಕೈಕಾಲುಗಳ ನರಗಳಿಗೆ ನರವಹನ ಪರೀಕ್ಷೆ ಮತ್ತು ಸ್ನಾಯುಗಳ ವಿದ್ಯುತ್ ಪರೀಕ್ಷೆಯಾದ ಇ.ಎಂ.ಜಿ., ಬೆನ್ನುಮೂಳೆಗೆ ಎಂ.ಆರ್.ಐ., ಮೂರ್ಛೆರೋಗಕ್ಕೆ ಇ.ಇ.ಜಿ., ಶ್ರವಣಕ್ಕೆ ಆಡಿಯೋಮೆಟ್ರಿ ಇವು ಸಾಮಾನ್ಯ ಆಧಾರಗಳು. ಮೂರ್ಛೆ ಬಂದ ಸಮಯದಲ್ಲಲ್ಲದೆ ಬೇರೆ ದಿನ ಮಾಡಿದ ಇ.ಇ.ಜಿ. ಸಹಜವಾಗಿಯೇ ಕಾಣಬಹುದು. ಹಾಗೆಂದು ಕಾಯಿಲೆ ಇಲ್ಲವೆಂದಲ್ಲ. ಇಂತಹ ಸಂದರ್ಭಗಳಲ್ಲಿ ಮೂರ್ಛೆಯನ್ನು ಕಣ್ಣಾರೆ ಕಂಡ ಜೊತೆಗಾರರ ಮತ್ತು ಘಟಕದ ವೈದ್ಯಾಧಿಕಾರಿಯ ಅಂದಿನ ಟಿಪ್ಪಣಿಗಳು ಯಂತ್ರದ ವರದಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಮೂರ್ಛೆರೋಗದ ಬಗ್ಗೆ ವೈದ್ಯಾಧಿಕಾರಿಗಳ ಕೈಪಿಡಿಯೇ ಸಾಕಷ್ಟು ಉದಾರವಾಗಿದೆ. ನಿದ್ರಾಹೀನತೆ, ಮಾನಸಿಕ ಒತ್ತಡ, ದೈಹಿಕ ಬಳಲಿಕೆ, ಸೋಂಕು, ಜ್ವರ, ಭಾರಿ ಸದ್ದು ಇವು ಮೂರ್ಛೆಯನ್ನು ಕೆರಳಿಸಬಲ್ಲವೆಂದು ಅದು ಒಪ್ಪುತ್ತದೆ. ತಲೆಗೆ ಪೆಟ್ಟು ಬಿದ್ದ ಅಥವಾ ಸೋಂಕು ತಗುಲಿದ 7 ವರ್ಷಗಳ ತನಕವೂ ಕಾಯಿಲೆ ತಡವಾಗಿ ತಲೆದೋರಬಹುದೆಂದೂ, ಅರ್ಜಿ ತಿರಸ್ಕರಿಸುವ ಮುನ್ನ ಇದನ್ನು ಗಮನದಲ್ಲಿಡಬೇಕೆಂದೂ ಹೇಳುತ್ತದೆ. ಯುದ್ಧಭೂಮಿ, ಎತ್ತರದ ಪ್ರದೇಶ, ತೀವ್ರ ತರಬೇತಿ ಮೊದಲಾದ ಕಠಿಣ ಸೇವೆಯ 6 ತಿಂಗಳೊಳಗೆ ಮೂರ್ಛೆ ಬಂದರೆ ಅದನ್ನು ಸೇವೆಯಿಂದ ಉಂಟಾದುದೆಂದು ಪರಿಗಣಿಸುವುದು ಉಚಿತವೆಂಬ ಸೂಚನೆಯೂ ಅದರಲ್ಲಿದೆ. ‘ದೇಹಪ್ರಕೃತಿ’ ಎಂದು ಒಂದೇ ಮಾತಿನಲ್ಲಿ ಬರೆದ ಮಂಡಳಿಗಳು ತಮ್ಮದೇ ಕೈಪಿಡಿಯ ಈ ಭಾಗವನ್ನು ಪರಿಗಣಿಸಿದಂತೆ ತೋರುವುದಿಲ್ಲ. ಮೇಲ್ಮನವಿಗೆ ಮೊದಲ ಹಿಡಿಕೆ ದೊರೆಯುವುದು ಇಲ್ಲಿಯೇ.

ಬೆನ್ನುಮೂಳೆಯ ತೊಂದರೆಗಳಲ್ಲಿ ವಾದ ಬೇರೆಯ ದಾರಿ ಹಿಡಿಯುತ್ತದೆ. ಡಿಸ್ಕ್ ಸವೆತವು ವಯಸ್ಸಿನಿಂದಲೂ ಬರುವುದರಿಂದ ಅದನ್ನು ಸೇವೆಗೆ ಜೋಡಿಸಲು ಮಂಡಳಿಗಳು ಹಿಂಜರಿಯುತ್ತವೆ. ಭಾರ ಹೊತ್ತು ಬೆಟ್ಟ ಏರಿದ್ದು, ವಾಹನ ಚಾಲನೆ, ತರಬೇತಿಯಲ್ಲಿ ಬಿದ್ದದ್ದು ಇವುಗಳಿಗೆ ದಾಖಲೆ ಇದ್ದರೆ ಕನಿಷ್ಠ ‘ಉಲ್ಬಣಿಸಿದ್ದು’ ಎಂಬ ತೀರ್ಮಾನಕ್ಕಾದರೂ ದಾರಿಯಾಗುತ್ತದೆ. ಬಿದ್ದು ಪೆಟ್ಟಾದಾಗ ಐ.ಎ.ಎಫ್.ವೈ.-2006 ಎಂಬ ಗಾಯದ ವರದಿ ತಯಾರಾಗಬೇಕು. ತುರ್ತಿನ ನಡುವೆ ಅದನ್ನು ಬರೆಸಿಕೊಳ್ಳದೆ ಬಿಟ್ಟವನು ಇಪ್ಪತ್ತು ವರ್ಷಗಳ ಮೇಲೆ ಕಾಲು ಜೋಮು ಹಿಡಿದಾಗ ಅದರ ಬೆಲೆ ತೆರುತ್ತಾನೆ. ಭಾರದ ಬೆನ್ನುಚೀಲದ ಪಟ್ಟಿ ಭುಜದ ನರಜಾಲವನ್ನು ಅದುಮಿ ತೋಳು ಬಲಹೀನವಾಗುವ ತೊಂದರೆಯೂ ಸೈನಿಕರಲ್ಲಿ ಕಾಣಸಿಗುತ್ತದೆ.

ಒಬ್ಬನಿಗೆ ಎರಡು ಮೂರು ವೈಕಲ್ಯಗಳಿದ್ದರೆ ಒಟ್ಟು ಪ್ರಮಾಣವನ್ನು ಲೆಕ್ಕ ಹಾಕುವುದರಲ್ಲಿಯೂ ತಪ್ಪುಗಳಾಗುತ್ತವೆ. ಕೈಪಿಡಿಯ ಪ್ರಕಾರ, ಪರಸ್ಪರ ಸಂಬಂಧವಿಲ್ಲದ ವೈಕಲ್ಯಗಳನ್ನು, ಉದಾಹರಣೆಗೆ ಕಿವುಡು ಮತ್ತು ಕಾಲಿನ ನರದ ಬಲಹೀನತೆಯನ್ನು, ನೇರವಾಗಿ ಕೂಡಬೇಕು. ಒಂದರ ಪರಿಣಾಮ ಇನ್ನೊಂದರೊಳಗೆ ಸೇರಿಕೊಂಡಿದ್ದರೆ, ಅಂದರೆ ಟೊಂಕದ ಡಿಸ್ಕ್ ಮತ್ತು ಅದೇ ಕಾರಣದ ಕಾಲುನೋವಿನಂತೆ ಇದ್ದರೆ, ಆ ಪ್ರಮಾಣದಷ್ಟು ಕಳೆಯಬೇಕು. ಕೂಡಬೇಕಾದ ಕಡೆಯಲ್ಲಿಯೂ ಕಳೆಯುವ ಪ್ರವೃತ್ತಿ ಕೆಲವು ಮಂಡಳಿಗಳಲ್ಲಿದೆಯೆಂದೂ ಅದು ಸರಿಯಲ್ಲವೆಂದೂ ಕೈಪಿಡಿಯೇ ಎಚ್ಚರಿಸಿದೆ.

ಧರಂವೀರ್ ಸಿಂಗ್ ಪ್ರಕರಣ

ಧರಂವೀರ್ ಸಿಂಗ್ ಅವರು 1985ರ ಜೂನ್ 15ರಂದು ಭೂಸೇನೆಯ ಸಿಗ್ನಲ್ಸ್ ದಳಕ್ಕೆ ಸಿಪಾಯಿಯಾಗಿ ಸೇರಿದರು. ಸೇರುವಾಗಿನ ವೈದ್ಯಕೀಯ ಪರೀಕ್ಷೆಯಲ್ಲಿ ಯಾವ ಕಾಯಿಲೆಯೂ ದಾಖಲಾಗಿರಲಿಲ್ಲ. ಮೂರ್ಛೆರೋಗದಿಂದ ಶೇಕಡಾ 20ರಷ್ಟು ಶಾಶ್ವತ ವೈಕಲ್ಯವಿದೆಯೆಂದು 1994ರ ಏಪ್ರಿಲ್ 1ರಿಂದ ಅವರನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು. ಹತ್ತು ವರ್ಷ ಇನ್ನೂ ತುಂಬಿರಲಿಲ್ಲ. ಕಾಯಿಲೆ ಸೇವೆಗೆ ಸಂಬಂಧಿಸಿದ್ದಲ್ಲವೆಂಬ ಮಂಡಳಿಯ ಅಭಿಪ್ರಾಯದ ಮೇಲೆ ಪಿಂಚಣಿಯ ಮನವಿ 1995ರ ಡಿಸೆಂಬರ್‌ನಲ್ಲಿ ತಿರಸ್ಕೃತವಾಯಿತು. ಹಿಮಾಚಲ ಪ್ರದೇಶದ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು 2004ರಲ್ಲಿ ಅವರ ಪರ ತೀರ್ಪಿತ್ತಿತು. ವಿಭಾಗೀಯ ಪೀಠವು 2009ರಲ್ಲಿ ಅದನ್ನು ರದ್ದುಪಡಿಸಿತು.

ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಎ.ಕೆ. ಪಟ್ನಾಯಕ್ ಮತ್ತು ಎಸ್.ಜೆ. ಮುಖೋಪಾಧ್ಯಾಯ ಅವರ ಪೀಠವು 2013ರ ಜುಲೈ 2ರಂದು ಸೈನಿಕನ ಪರವಾಗಿ ನಿರ್ಣಯಿಸಿತು. ತೀರ್ಪಿನ ತಿರುಳು 1982ರ ಅರ್ಹತಾ ನಿಯಮಗಳ ಓದಿನಲ್ಲಿದೆ. ಸೇನೆಗೆ ಸೇರುವಾಗ ದಾಖಲೆಯಲ್ಲಿ ಕಾಯಿಲೆಯ ಉಲ್ಲೇಖವಿಲ್ಲದಿದ್ದರೆ ಸೈನಿಕನು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು. ಅನಂತರ ಕಾಯಿಲೆಯಿಂದ ಅವನನ್ನು ಹೊರಗೆ ಕಳುಹಿಸಿದರೆ ಆ ಕಾಯಿಲೆ ಸೇವೆಯಲ್ಲಿ ಬಂದದ್ದೆಂದು ಸಾಮಾನ್ಯವಾಗಿ ಎಣಿಸಬೇಕು. ಸೇರುವಾಗಿನ ಪರೀಕ್ಷೆಯಲ್ಲಿ ಪತ್ತೆಹಚ್ಚಲಾಗದ ಕಾಯಿಲೆ ಇದೆಂದು ಮಂಡಳಿ ಹೇಳುವುದಾದರೆ ಅದಕ್ಕೆ ಕಾರಣಗಳನ್ನು ಬರೆಯಲೇಬೇಕು. ಪುರಾವೆಯ ಹೊಣೆ ಸೈನಿಕನದಲ್ಲ. ಸಂದೇಹದ ಲಾಭ ಅವನಿಗೇ ಸಲ್ಲಬೇಕು. ಧರಂವೀರ್ ಸಿಂಗ್ ಅವರ ಮಂಡಳಿ ಯಾವ ಕಾರಣವನ್ನೂ ಬರೆದಿರಲಿಲ್ಲ. ಸೇವೆ ಕಳೆದುಕೊಂಡ ಹತ್ತೊಂಬತ್ತು ವರ್ಷಗಳ ಬಳಿಕ ಅವರಿಗೆ ಪಿಂಚಣಿಯ ಹಕ್ಕು ದೃಢಪಟ್ಟಿತು.

ಈ ತೀರ್ಪಿಗೆ ಮೊದಲು ಮಂಡಳಿಯ ಅಭಿಪ್ರಾಯಕ್ಕೇ ಪ್ರಾಶಸ್ತ್ಯ ನೀಡಿದ ನಿರ್ಣಯಗಳಿದ್ದವು, 2009ರ ಎ.ವಿ. ದಾಮೋದರನ್ ಪ್ರಕರಣ ಅಂತಹದು. 2013ರ ಬಳಿಕ ಗಾಳಿ ಬೇರೆ ಕಡೆಗೆ ಬೀಸಿತು. 2014ರ ಜೂನ್‌ನ ಸುಖವಿಂದರ್ ಸಿಂಗ್ ಪ್ರಕರಣದಲ್ಲಿ, ಕಾಯಿಲೆಯ ಕಾರಣಕ್ಕೆ ಸೇನೆಯೇ ಹೊರಗೆ ಕಳುಹಿಸಿದ್ದರೆ ವೈಕಲ್ಯ ಶೇಕಡಾ 20ಕ್ಕಿಂತ ಹೆಚ್ಚಿದೆಯೆಂದೇ ಭಾವಿಸಬೇಕೆಂದು ನ್ಯಾಯಾಲಯ ಹೇಳಿತು. ಅದೇ ವರ್ಷದ ಡಿಸೆಂಬರ್ 10ರ ರಾಮ್ ಅವತಾರ್ ತೀರ್ಪು ಬ್ರಾಡ್ ಬ್ಯಾಂಡಿಂಗ್ ಸೌಲಭ್ಯವನ್ನು ಅವಧಿ ಮುಗಿಸಿ ನಿವೃತ್ತರಾದವರಿಗೂ ವಿಸ್ತರಿಸಿತು. 2015ರ ಫೆಬ್ರುವರಿಯ ರಾಜಬೀರ್ ಸಿಂಗ್ ತೀರ್ಪು ಧರಂವೀರ್ ಸಿಂಗ್ ತತ್ತ್ವವನ್ನು ಮತ್ತೆ ಎತ್ತಿಹಿಡಿಯಿತು. ಸಿಯಾಚಿನ್‌ನಲ್ಲಿ ಸೇವೆ ಸಲ್ಲಿಸಿ ಮೂರ್ಛೆರೋಗದಿಂದ ಹೊರಬಂದಿದ್ದ ಬಿಜೇಂದರ್ ಸಿಂಗ್ ಅವರ ಪಿಂಚಣಿಯ ಹಕ್ಕನ್ನು ನ್ಯಾಯಾಲಯವು 2025ರ ಏಪ್ರಿಲ್‌ನಲ್ಲಿ ಮನ್ನಿಸಿತು. ಅವರ ಅರ್ಜಿಯನ್ನು ನ್ಯಾಯಮಂಡಳಿಯು ತಿರಸ್ಕರಿಸಿತ್ತು.

ಎಲ್ಲ ತೀರ್ಪುಗಳೂ ಸೈನಿಕರ ಪರವಾಗಿಲ್ಲ. ಅವಧಿ ಮುಗಿಸಿ ನಿವೃತ್ತನಾದವನ ವೈಕಲ್ಯ ಶೇಕಡಾ 20ಕ್ಕಿಂತ ಕಡಿಮೆಯಿದ್ದರೆ ವೈಕಲ್ಯಾಂಶವೂ ಇಲ್ಲ, ಬ್ರಾಡ್ ಬ್ಯಾಂಡಿಂಗ್ ಕೂಡ ಇಲ್ಲವೆಂದು 2019ರ ಡಿಸೆಂಬರ್‌ನ ವಿಂಗ್ ಕಮಾಂಡರ್ ಎಸ್.ಪಿ. ರಾಥೋಡ್ ಪ್ರಕರಣದಲ್ಲಿ ನಿರ್ಣಯವಾಯಿತು. ಅದೇ ವರ್ಷದ ನರಸಿಂಗ್ ಯಾದವ್ ಪ್ರಕರಣವು ಸ್ಕಿಜೋಫ್ರೇನಿಯಾದಂತಹ ಮಾನಸಿಕ ಕಾಯಿಲೆಗಳಲ್ಲಿ ಮೇಲಿನ ಭಾವನೆಯನ್ನು ಯಾಂತ್ರಿಕವಾಗಿ ಅನ್ವಯಿಸಲಾಗದೆಂದಿತು. ನರರೋಗ ಮತ್ತು ಮನೋರೋಗಗಳನ್ನು ಜನ ಒಂದೇ ಎಂದು ತಿಳಿಯುವುದುಂಟು. ಕಾನೂನಿನ ಕಣ್ಣಿಗೆ ಅವು ಬೇರೆ ಬೇರೆಯೆಂಬುದನ್ನು ಅರ್ಜಿದಾರರು ಮರೆಯಬಾರದು.

ಮೇಲ್ಮನವಿಯ ಹಂತಗಳು

ತಿರಸ್ಕಾರದ ಪತ್ರ ಕೈಸೇರಿದ 6 ತಿಂಗಳೊಳಗೆ ಮೊದಲ ಮೇಲ್ಮನವಿಯನ್ನು ಆಯಾ ದಳದ ದಾಖಲೆ ಕಚೇರಿಯ ಮೂಲಕ ಸಲ್ಲಿಸಬೇಕು. ಅದನ್ನು ಸೇನಾ ಮುಖ್ಯಾಲಯದ ಪ್ರಥಮ ಮೇಲ್ಮನವಿ ಸಮಿತಿ ಪರಿಶೀಲಿಸುತ್ತದೆ. ಅಲ್ಲಿಯೂ ಸೋತರೆ ಮತ್ತೆ 6 ತಿಂಗಳೊಳಗೆ ದ್ವಿತೀಯ ಮೇಲ್ಮನವಿ ಸಮಿತಿಯ ಮುಂದೆ ಹೋಗಬಹುದು. ಈ ಎರಡೂ ಹಂತಗಳಿಗೆ ವಕೀಲರು ಬೇಕಿಲ್ಲ. ಆದರೆ ಬಡತನ, ಮಕ್ಕಳ ಓದು, ದೇಶಸೇವೆಯ ನೆನಪು ಇವುಗಳನ್ನು ಮಾತ್ರ ಬರೆದ ಮನವಿಯಿಂದ ಪ್ರಯೋಜನ ಕಡಿಮೆ. ಮಂಡಳಿಯ ನಡವಳಿಯ ಯಾವ ಕಾಲಮಿನಲ್ಲಿ ಕಾರಣ ಬರೆದಿಲ್ಲ, ಕಾಯಿಲೆ ಮೊದಲು ಕಂಡ ದಿನ ಸೈನಿಕನು ಎಲ್ಲಿ ನಿಯುಕ್ತನಾಗಿದ್ದನು, ಕೈಪಿಡಿಯ ಯಾವ ಭಾಗ ಅನ್ವಯಿಸುತ್ತದೆ ಎಂಬುದನ್ನು ಬರೆದ ಒಂದೂವರೆ ಪುಟದ ಮನವಿಗೆ ತೂಕ ಹೆಚ್ಚು.

ಇದಕ್ಕಾಗಿ ಮಂಡಳಿಯ ನಡವಳಿಯ ಪ್ರತಿ ಕೈಯಲ್ಲಿರಬೇಕು. ಇಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ದಾಖಲೆ ಕಚೇರಿಯಿಂದ ಪಡೆಯಬಹುದು. ತಡ ಮಾಡಿದಷ್ಟೂ ಅಪಾಯ; ಪಿಂಚಣಿ ಪಡೆಯದವರ ಸೇವಾ ದಾಖಲೆಗಳನ್ನು 25 ವರ್ಷಗಳ ಬಳಿಕ ನಾಶಪಡಿಸುವ ಕ್ರಮ ಸೇನೆಯಲ್ಲಿದೆ. ಹಳೆಯ ಟ್ರಂಕಿನಲ್ಲಿ ಉಳಿದ ಡಿಸ್ಚಾರ್ಜ್ ಪುಸ್ತಕ ಮತ್ತು ಆಸ್ಪತ್ರೆಯ ಚೀಟಿಗಳೇ ಆಗ ಉಳಿಯುವ ಆಧಾರ.

ಹಣ ಮಂಜೂರು ಮಾಡುವ ಲೆಕ್ಕಪತ್ರ ಕಚೇರಿಯು ಮಂಡಳಿ ಕೊಟ್ಟ ಶೇಕಡಾವಾರು ಅಂಕಿಯನ್ನು ಕಾಗದದ ಮೇಲೆಯೇ ಇಳಿಸಿದ ಪ್ರಸಂಗಗಳು ಹಿಂದೆ ನಡೆದಿವೆ. ಸೈನಿಕನನ್ನು ಹೊಸದಾಗಿ ಪರೀಕ್ಷಿಸದೆ ಹಾಗೆ ಮಾಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1993ರ ಜನವರಿ 14ರಂದು ಮೊಹಿಂದರ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಕಾಯಿಲೆ ನಿವೃತ್ತಿಯ ಬಳಿಕ ಹೆಚ್ಚಿದ್ದರೆ ಮರುಪರಿಶೀಲನಾ ಮಂಡಳಿಯನ್ನು ಕೋರಲು ಅವಕಾಶವಿದೆ. ಒಮ್ಮೆ ನಿಗದಿಯಾದ ಶಾಶ್ವತ ವೈಕಲ್ಯವನ್ನು ಸೈನಿಕನೇ ಕೋರದ ಹೊರತು ಮತ್ತೆ ಮತ್ತೆ ಪರೀಕ್ಷೆಗೆ ಒಳಪಡಿಸಬಾರದೆಂಬುದು 2001ರ ಫೆಬ್ರುವರಿ 7ರ ಆದೇಶದ ನೀತಿ.

ಇಲಾಖೆಯ ಹಂತಗಳು ಮುಗಿದ ಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2007ರ ಕಾಯ್ದೆಯಂತೆ ರಚನೆಯಾದ ಇದು 2009ರ ಆಗಸ್ಟ್‌ನಲ್ಲಿ ಕಾರ್ಯಾರಂಭ ಮಾಡಿತು. ಪ್ರಧಾನ ಪೀಠ ದೆಹಲಿಯಲ್ಲಿದೆ. ಕರ್ನಾಟಕವು ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರಿದೆ. ಕಾಯ್ದೆಯ 22ನೆಯ ಕಲಮಿನಂತೆ ಅಂತಿಮ ಆದೇಶದ 6 ತಿಂಗಳೊಳಗೆ ಅರ್ಜಿ ಹಾಕಬೇಕು; ಮನವಿಗೆ 6 ತಿಂಗಳಾದರೂ ಉತ್ತರ ಬಾರದಿದ್ದರೆ ಅಲ್ಲಿಂದ ಮುಂದಿನ 6 ತಿಂಗಳೊಳಗೆ ಹಾಕಬೇಕು. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸಲಾಗುತ್ತದೆ. ನ್ಯಾಯಮಂಡಳಿಯ ಆದೇಶದ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಲು ಸಾರ್ವಜನಿಕ ಮಹತ್ವದ ಕಾನೂನು ಪ್ರಶ್ನೆ ಇರಬೇಕು. ಉಚ್ಚ ನ್ಯಾಯಾಲಯದ ರಿಟ್ ಅಧಿಕಾರವನ್ನು 2015ರ ಒಂದು ತೀರ್ಪು ಬಹಳ ಮಟ್ಟಿಗೆ ಮುಚ್ಚಿತ್ತು. 2023ರ ಮಾರ್ಚ್ 21ರ ಪರಶೋತಮ್ ದಾಸ್ ತೀರ್ಪು ಆ ಬಾಗಿಲನ್ನು ಮತ್ತೆ ತೆರೆಯಿತು.

ವಿಳಂಬ ಮತ್ತು ಬಾಕಿ

ವರ್ಷಗಟ್ಟಲೆ ಸುಮ್ಮನಿದ್ದವರ ಹಕ್ಕು ಪೂರ್ಣವಾಗಿ ನಾಶವಾಗುವುದಿಲ್ಲ. ಪಿಂಚಣಿ ತಿಂಗಳು ತಿಂಗಳು ಸಲ್ಲಬೇಕಾದುದರಿಂದ ಅದನ್ನು ಕೊಡದಿರುವುದು ಮುಂದುವರಿಯುವ ಅನ್ಯಾಯವೆಂದು 2008ರ ಆಗಸ್ಟ್ 13ರ ತರ್ಸೇಮ್ ಸಿಂಗ್ ತೀರ್ಪು ಹೇಳಿತು. ಅವರು 1983ರಲ್ಲಿ ಸೇವೆಯಿಂದ ಬಿಡುಗಡೆಯಾದವರು. ಆದರೆ ತಡವಾಗಿ ಬಂದವರಿಗೆ ಅರ್ಜಿಯ ಹಿಂದಿನ 3 ವರ್ಷಗಳ ಬಾಕಿ ಮಾತ್ರ ಸಾಮಾನ್ಯವಾಗಿ ದೊರೆಯುತ್ತದೆ. ಅದಕ್ಕೂ ಹಿಂದಿನದು ಹೋದಂತೆಯೇ. 2008ರ ಅರ್ಹತಾ ನಿಯಮಗಳು ಇನ್ನೊಂದು ಗೆರೆ ಎಳೆದಿವೆ: ಸೇವೆ ಬಿಟ್ಟ 15 ವರ್ಷಗಳ ಬಳಿಕ ಮೊದಲ ಬಾರಿ ಹಕ್ಕು ಮಂಡಿಸಿದರೆ ಪುರಾವೆಯ ಹೊಣೆ ಸೈನಿಕನ ಮೇಲೆಯೇ ಬೀಳುತ್ತದೆ.

ಗದಗ ಜಿಲ್ಲೆಯಲ್ಲಿ

ಗದಗ ಜಿಲ್ಲೆಯು 1997ರ ಆಗಸ್ಟ್ 24ರಂದು ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟಿತು. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕೆಲಸಗಳಿಗೆ ಮಾತ್ರ ಧಾರವಾಡದ ಕಚೇರಿಯೇ ಈ ಜಿಲ್ಲೆಯನ್ನೂ ನೋಡಿಕೊಂಡು ಬಂದಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮಾಜಿ ಸೈನಿಕರ ಕಡತ ಎಲ್ಲಿರುತ್ತದೆ ಎಂಬುದು ಅವರು ಸೇವೆ ಸಲ್ಲಿಸಿದ ದಳವನ್ನು ಅವಲಂಬಿಸುತ್ತದೆ. ಮರಾಠಾ ಲಘು ಪದಾತಿದಳದವರ ದಾಖಲೆ ಕಚೇರಿ ಬೆಳಗಾವಿಯಲ್ಲಿ, ಮದ್ರಾಸ್ ಎಂಜಿನಿಯರ್ ದಳದವರದು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟಿನವರದು ನೀಲಗಿರಿಯ ವೆಲಿಂಗ್ಟನ್‌ನಲ್ಲಿ, ಸಿಗ್ನಲ್ಸ್ ದಳದವರದು ಜಬಲ್ಪುರದಲ್ಲಿದೆ. ಪಿಂಚಣಿ ಮಂಜೂರಾತಿಯ ಪ್ರಧಾನ ಲೆಕ್ಕಪತ್ರ ಕಚೇರಿ ಪ್ರಯಾಗರಾಜ್‌ನಲ್ಲಿ, ನ್ಯಾಯಮಂಡಳಿಯ ಪೀಠ ಕೊಚ್ಚಿಯಲ್ಲಿ. ಮುಂಡರಗಿಯ ಒಂದು ಹಳ್ಳಿಯ ಸೈನಿಕನ ಒಂದೇ ಪ್ರಕರಣ ಹೀಗೆ ಮೂರು ನಾಲ್ಕು ರಾಜ್ಯಗಳಲ್ಲಿ ಹಂಚಿಹೋಗುತ್ತದೆ. ಹತ್ತಿರದಲ್ಲಿರುವ ನ್ಯಾಯಪೀಠವೆಂದರೆ ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರ ಆಗಸ್ಟ್‌ನಲ್ಲಿ ಕಾಯಂ ಆದ ಈ ಪೀಠದ ವ್ಯಾಪ್ತಿಗೆ ಗದಗ ಜಿಲ್ಲೆ ಸೇರಿದೆ.

ಪಿಂಚಣಿ ವಿತರಣೆ ಈಗ ‘ಸ್ಪರ್ಶ್’ ಎಂಬ ಗಣಕ ವ್ಯವಸ್ಥೆಯ ಮೂಲಕ ನಡೆಯುವುದರಿಂದ ಪಿಂಚಣಿ ಆದೇಶದ ಪ್ರತಿಯನ್ನು ಊರಿನಲ್ಲಿಯೇ ಪಡೆಯಬಹುದು. ಅದರಲ್ಲಿ ವೈಕಲ್ಯಾಂಶ ಎಷ್ಟೆಂದು ನಮೂದಾಗಿದೆ ಎಂಬುದನ್ನು ಪಿಂಚಣಿದಾರರು ಓದಿ ನೋಡುವುದು ಒಳ್ಳೆಯದು. ಅಂಗವಿಕಲರು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಂತೆ ಉಚಿತ ಕಾನೂನು ನೆರವಿಗೆ ಅರ್ಹರು. ಗದಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಇದನ್ನು ಕೋರಬಹುದು.

ಕಾಯಿಲೆ ಈಗಲೂ ಇದೆ, ಚಿಕಿತ್ಸೆ ನಿರಂತರವಾಗಿ ನಡೆದಿದೆ ಎಂದು ತೋರಿಸಲು ನಾಗರಿಕ ಆಸ್ಪತ್ರೆಗಳ ದಾಖಲೆಗಳು ನೆರವಾಗುತ್ತವೆ. ಗದಗದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಹುಬ್ಬಳ್ಳಿಯ ಕಿಮ್ಸ್, ಧಾರವಾಡದ ಡಿಮ್ಹಾನ್ಸ್ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಈ ಭಾಗದವರು ಹೋಗುವ ಸರ್ಕಾರಿ ಆಸ್ಪತ್ರೆಗಳು. ಇವುಗಳ ವರದಿ ಸೇನಾ ಮಂಡಳಿಯನ್ನು ಕಟ್ಟಿಹಾಕುವುದಿಲ್ಲ. ಹೊಸ ಮಂಡಳಿಯನ್ನು ಕೋರಲು ಆಧಾರ ಒದಗಿಸುತ್ತದೆ.

ನಾಗರಿಕ ಪ್ರಮಾಣಪತ್ರದೊಂದಿಗಿನ ಗೊಂದಲ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಡಿ ದೊರೆಯುವ ಯು.ಡಿ.ಐ.ಡಿ. ಕಾರ್ಡಿನ ಶೇಕಡಾವಾರು ಅಂಕಿಯೂ ಸೇನಾ ಮಂಡಳಿಯ ಅಂಕಿಯೂ ಒಂದೇ ಅಲ್ಲ. ಅಲ್ಲಿ ಬಹುಪಾಲು ಸೌಲಭ್ಯಗಳಿಗೆ ಶೇಕಡಾ 40ರ ಗೆರೆ, ಇಲ್ಲಿ 20ರದು. ಅಳೆಯುವ ಮಾರ್ಗಸೂಚಿಗಳೂ ಬೇರೆ. ನಾಗರಿಕ ಪ್ರಮಾಣಪತ್ರವು ವೈಕಲ್ಯ ಎಷ್ಟಿದೆಯೆಂದು ಮಾತ್ರ ಹೇಳುತ್ತದೆ. ಅದು ಹೇಗೆ ಬಂತೆಂದು ಕೇಳುವುದಿಲ್ಲ. ಹಾಗಾಗಿ ಶೇಕಡಾ 60ರ ಯು.ಡಿ.ಐ.ಡಿ. ಕಾರ್ಡು ಕೈಯಲ್ಲಿದ್ದರೂ ಸೇವೆಯ ಸಂಬಂಧ ಸಿದ್ಧವಾಗದೆ ಸೇನಾ ಪಿಂಚಣಿ ಬಾರದು. ಎರಡನ್ನೂ ಪ್ರತ್ಯೇಕವಾಗಿ ಪಡೆಯಲು ಅಡ್ಡಿಯಿಲ್ಲ.

2023ರ ನಿಯಮಗಳು

2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳೂ ಪರಿಷ್ಕೃತ ಕೈಪಿಡಿಯೂ ಜಾರಿಗೆ ಬಂದಿವೆ. ಅವಧಿ ಮುಗಿಸಿ ನಿವೃತ್ತರಾಗುವವರಿಗೆ ಸಲ್ಲುವ ಮೊತ್ತಕ್ಕೆ ವೈಕಲ್ಯಾಂಶದ ಬದಲು ‘ಇಂಪೇರ್ಮೆಂಟ್ ರಿಲೀಫ್’ ಎಂಬ ಹೊಸ ಹೆಸರು ಬಂದಿದೆ. ಮಾಜಿ ಸೈನಿಕರ ಸಂಘಟನೆಗಳು ಈ ಬದಲಾವಣೆಗಳನ್ನು ಆಕ್ಷೇಪಿಸಿವೆ. ಆ ದಿನಾಂಕಕ್ಕೆ ಮೊದಲು ಸೇವೆಯಿಂದ ಹೊರಬಂದವರ ಪ್ರಕರಣಗಳನ್ನು ಹಳೆಯ ನಿಯಮಗಳಂತೆಯೇ ನೋಡಬೇಕಾಗುತ್ತದೆ. ಆದ್ದರಿಂದ ಮೇಲ್ಮನವಿಯ ಮೊದಲ ವಾಕ್ಯದಲ್ಲಿಯೇ ಬಿಡುಗಡೆಯ ದಿನಾಂಕವನ್ನು ಬರೆಯುವುದು ಕ್ರಮ.